ನೋಯುತ್ತಿರುವ ಹಲ್ಲು ಯಾವುದು?

(ಸಾಗರದಲ್ಲಿ ಊರಿನವರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಇಟ್ಟುಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಕ್ಲಿನಿಕ್ಕಿನ ಬಾಗಿಲು ತೆಗೆಯುವುದು ಬೆಳಗ್ಗೆ ಒಂಬತ್ತೂವರೆಗೆ. ಕೆಲವು ದಿನ ಎಂಟು ಗಂಟೆಗೇ ಮೆಟ್ಟಿಲ ಮೇಲೆ ಒಬ್ಬರು ಕೂತಿರುತ್ತಾರೆ. ಕೈಯಲ್ಲಿ ನೀರಿನ ಬಾಟಲಿ. ಒಂದು ಗುಟುಕು ಬಾಯಿಗೆ ಹಾಕಿಕೊಳ್ಳುತ್ತಾರೆ. ನುಂಗುವುದಿಲ್ಲ, ಕೆನ್ನೆಯ ಒಂದು ಬದಿಗೆ ತಂದು ಹಿಡಿದುಕೊಳ್ಳುತ್ತಾರೆ. ಅರ್ಧ ನಿಮಿಷ ಕಣ್ಣು ಮುಚ್ಚಿ ನೆಮ್ಮದಿಯಾಗಿ ಕೂರುತ್ತಾರೆ. ಬಾಯೊಳಗೆ ನೀರು ಬೆಚ್ಚಗಾಗುತ್ತಿದ್ದ ಹಾಗೆ ಮುಖ ಹಿಂಡಿಕೊಂಡು ಎದ್ದು, ಪಕ್ಕಕ್ಕೆ ಹೋಗಿ ಉಗಿದು ಬಂದು, ಮತ್ತೆ ಬಾಟಲಿ ಎತ್ತುತ್ತಾರೆ. ಕೇಳಿದರೆ ರಾತ್ರಿ ಎರಡು ಗಂಟೆಯಿಂದ ಹೀಗೇ ಎನ್ನುತ್ತಾರೆ.

ಅವರು ಒಳಗೆ ಬಂದು ಕುರ್ಚಿಯಲ್ಲಿ ಕೂರುವ ಮೊದಲೇ ನನಗೆ ಅರ್ಧ ವಿಷಯ ಗೊತ್ತಾಗಿರುತ್ತದೆ. ಯಾವುದೋ ಒಂದು ಹಲ್ಲಿನ ಒಳಗಿನ ನರ ಬಾತುಕೊಂಡಿದೆ. ಪೂರ್ತಿ ಸತ್ತಿಲ್ಲ, ಆದರೆ ಇನ್ನು ಉಳಿಯುವುದೂ ಇಲ್ಲ. ಗೊತ್ತಾಗದೆ ಉಳಿಯುವುದು ಇನ್ನರ್ಧ. ಯಾವ ಹಲ್ಲು?

ಇವತ್ತು ನಾನು ಹೇಳಬೇಕೆಂದು ಬಂದಿರುವುದು ಈ ಒಂದು ಪ್ರಶ್ನೆಯ ಬಗ್ಗೆ. ಹಲ್ಲು ಹೇಗೆ ಉಜ್ಜಬೇಕು, ಎಷ್ಟು ಸಲ ಉಜ್ಜಬೇಕು ಎಂದು ನೀವೆಲ್ಲ ಶಾಲೆಯಿಂದಲೂ ಕೇಳಿದ್ದೀರಿ. ಅದನ್ನು ಬಿಡುತ್ತೇನೆ. ನೋವು ಬಂದ ಮೇಲೆ ಏನು ಎನ್ನುವುದನ್ನು ಯಾರೂ ಸರಿಯಾಗಿ ಹೇಳಿಕೊಟ್ಟಿರುವುದಿಲ್ಲ. ಅದರಿಂದಾಗಿ ಒಳ್ಳೆಯ ಹಲ್ಲುಗಳು ಹೋಗುತ್ತವೆ. ಒಮ್ಮೊಮ್ಮೆ ಅದಕ್ಕಿಂತ ದೊಡ್ಡದೂ ಹೋಗುತ್ತದೆ.

ಮೊದಲು, ಹಲ್ಲು ನೋವು ಯಾಕೆ ಇಷ್ಟು ಜೋರು? ಬೆರಳಿಗೆ ಮುಳ್ಳು ಚುಚ್ಚಿದರೆ ಬೆರಳು ಊದಿಕೊಳ್ಳುತ್ತದೆ. ಊದುವುದಕ್ಕೆ ಜಾಗವಿದೆ, ಚರ್ಮ ಹಿಗ್ಗುತ್ತದೆ. ಹಲ್ಲಿನ ನರಕ್ಕೆ ಆ ಅನುಕೂಲ ಇಲ್ಲ. ಹಲ್ಲಿನ ಹೊರಗೆ ಎನಾಮೆಲ್ ಎನ್ನುವ ಬಿಳಿ ಪದರ. ನಮ್ಮ ದೇಹದಲ್ಲಿ ಅದಕ್ಕಿಂತ ಗಟ್ಟಿ ವಸ್ತು ಇನ್ನೊಂದಿಲ್ಲ. ಅದರಲ್ಲಿ ಜೀವ ಇಲ್ಲ. ಹಾಗಾಗಿ ಅದು ಸವೆದರೂ ಕೊರೆದರೂ ನೋಯುವುದಿಲ್ಲ, ಹೋದರೆ ಮತ್ತೆ ಬೆಳೆಯುವುದೂ ಇಲ್ಲ. ಅದರ ಒಳಗೆ ಡೆಂಟಿನ್. ಇದರ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಕೊಳವೆಗಳು, ಕೊಳವೆಗಳ ತುಂಬ ದ್ರವ. ತಣ್ಣೀರು ತಾಗಿದಾಗ ಈ ದ್ರವ ಅಲುಗಾಡುತ್ತದೆ, ಆಗಲೇ ನಮಗೆ ಜುಮ್ ಎನ್ನುವುದು. ಎಲ್ಲಕ್ಕಿಂತ ಒಳಗೆ, ಬೇರಿನ ತುದಿಯವರೆಗೂ ಇಳಿದಿರುವ ಮೆತ್ತನೆಯ ತಿರುಳು. ನರ, ರಕ್ತನಾಳ ಎಲ್ಲ ಇರುವುದು ಅಲ್ಲಿ. ನೀವೆಲ್ಲ ಸುಮ್ನೆ 'ನರ' ಎನ್ನುತ್ತೀರಿ, ನಾನೂ ಹಾಗೇ ಅನ್ನುತ್ತೇನೆ.

ಈ ತಿರುಳು ಬಾತುಕೊಂಡರೆ ಹೋಗುವುದೆಲ್ಲಿಗೆ? ಸುತ್ತಲೂ ಕಲ್ಲಿನಂಥ ಗೋಡೆ. ರಕ್ತ ಬಂದು ಹೋಗುವ ದಾರಿ ಬೇರಿನ ತುದಿಯಲ್ಲಿರುವ ಸೂಜಿಮೊನೆಯಷ್ಟು ತೂತು. ಒಳಗೆ ಒತ್ತಡ ಏರುತ್ತಲೇ ಹೋಗುತ್ತದೆ. ಮಲಗಿದಾಗ ತಲೆಯ ಕಡೆಗೆ ರಕ್ತದ ಒತ್ತಡ ಇನ್ನೂ ಸ್ವಲ್ಪ ಜಾಸ್ತಿ. ಅದಕ್ಕೇ ಹಗಲು ಹೇಗೋ ತಡೆದುಕೊಂಡ ನೋವು ರಾತ್ರಿ ದಿಂಬಿಗೆ ತಲೆ ಕೊಟ್ಟ ಕೂಡಲೇ ಡವಡವ ಎಂದು ಬಡಿಯತೊಡಗುತ್ತದೆ. ಎದ್ದು ಕೂತರೆ ಸ್ವಲ್ಪ ಕಮ್ಮಿ. ರಾತ್ರಿ ಇಡೀ ಅಂಗಳದಲ್ಲಿ ತಿರುಗಾಡಿದೆ ಎನ್ನುವವರು ಸುಳ್ಳು ಹೇಳುತ್ತಿಲ್ಲ.

ಹಾಗಾಗಿ ನೋವು ಯಾವಾಗ ಬರುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ ಎನ್ನುವುದೇ ನಮಗೆ ಮೊದಲ ಸುಳಿವು. ತಣ್ಣಗಿನದು ಕುಡಿದಾಗ ಚುಳಕ್ ಎಂದು, ಎರಡು ಮೂರು ಸೆಕೆಂಡಿನಲ್ಲಿ ಹೋಯಿತೇ? ಒಳ್ಳೆಯದು. ಹುಳುಕು ಇನ್ನೂ ನರದವರೆಗೆ ಹೋಗಿಲ್ಲ, ಅಥವಾ ವಸಡು ಇಳಿದು ಬೇರು ತೆರೆದುಕೊಂಡಿದೆ. ಈ ಹಂತದಲ್ಲಿ ಬಂದರೆ ಬರೀ ಹುಳುಕು ತೆಗೆದು ಸಿಮೆಂಟ್ ತುಂಬಿದರೆ ಮುಗಿಯಿತು, ನರ ಚೇತರಿಸಿಕೊಳ್ಳುತ್ತದೆ. ತಣ್ಣೀರು ನುಂಗಿ ಒಂದು ನಿಮಿಷವಾದರೂ ನೋವು ಇಳಿಯದಿದ್ದರೆ, ಏನೂ ತಿನ್ನದೆ ಕುಡಿಯದೆ ತನ್ನಷ್ಟಕ್ಕೇ ಬರುತ್ತಿದ್ದರೆ, ರಾತ್ರಿ ಎಬ್ಬಿಸುತ್ತಿದ್ದರೆ, ನರ ಚೇತರಿಸಿಕೊಳ್ಳುವ ಹಂತ ಸಾಮಾನ್ಯವಾಗಿ ದಾಟಿದೆ. ಅದರಿಂದಲೂ ಮುಂದೆ ಹೋದರೆ ಬಿಸಿ ಚಹಾ ತಾಗಿದರೆ ಜೀವ ಹೋದ ಹಾಗೆ, ತಣ್ಣೀರು ಹಿಡಿದರೆ ಹಾಯ್ ಎನ್ನುವ ಹಾಗೆ. ನಮ್ಮ ಬಾಟಲಿ ನೀರಿನವರು ಇರುವುದು ಈ ಹಂತದಲ್ಲಿ.

ಇದಾದ ಮೇಲೆ ಬರುವ ಒಂದು ದಿನದ ಬಗ್ಗೆ ನನಗೆ ಎಲ್ಲಕ್ಕಿಂತ ಹೆಚ್ಚು ಭಯ. ಆ ದಿನ ನೋವು ಪೂರ್ತಿ ನಿಂತುಹೋಗುತ್ತದೆ. ಬಿಸಿ, ತಂಪು, ಯಾವುದಕ್ಕೂ ಏನೂ ಆಗುವುದಿಲ್ಲ. ಜನ ದೇವರಿಗೆ ಕೈ ಮುಗಿದು ಕ್ಲಿನಿಕ್ಕಿಗೆ ಬರುವುದನ್ನು ಬಿಡುತ್ತಾರೆ. ಆದದ್ದು ಏನೆಂದರೆ ನರ ಸತ್ತಿದೆ. ಸತ್ತ ನರಕ್ಕೆ ರಕ್ತ ಹರಿಯುವುದಿಲ್ಲ, ಅಲ್ಲಿ ಕ್ರಿಮಿಗಳಿಗೆ ಅಡ್ಡಿ ಮಾಡುವವರು ಯಾರೂ ಇಲ್ಲ. ವಾರವೋ ತಿಂಗಳೋ ವರ್ಷವೋ, ಅವು ಬೇರಿನ ತುದಿಯಿಂದ ಹೊರಬಂದು ಮೂಳೆಗೆ ಇಳಿಯುತ್ತವೆ, ಕೀವು ಕಟ್ಟುತ್ತದೆ. ಆಗ ಬರುವ ನೋವೇ ಬೇರೆ. ಆ ಹಲ್ಲು ಉಳಿದವುಗಳಿಗಿಂತ ಎತ್ತರವಾದ ಹಾಗೆ ಅನ್ನಿಸುತ್ತದೆ, ಅನ್ನದ ಅಗುಳು ಕಚ್ಚಿದರೂ ನೋವು. ಈ ಹಂತದಲ್ಲಿ ಮಾತ್ರ ರೋಗಿ ಬೆರಳಿಟ್ಟು ಇದೇ ಹಲ್ಲು ಎಂದು ಸರಿಯಾಗಿ ತೋರಿಸುತ್ತಾರೆ. ಹಲ್ಲಿನ ಬೇರಿನ ಸುತ್ತ ಇರುವ ನಾರುಗಳಿಗೆ ಯಾವ ಹಲ್ಲಿನ ಮೇಲೆ ಎಷ್ಟು ಭಾರ ಬಿತ್ತು ಎಂದು ಗೊತ್ತಾಗುತ್ತದೆ. ಒಳಗಿನ ತಿರುಳಿಗೆ ಆ ಶಕ್ತಿ ಇಲ್ಲ. ಅದಕ್ಕೆ ನೋವು ಗೊತ್ತು, ವಿಳಾಸ ಗೊತ್ತಿಲ್ಲ.

ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಆದರೆ ಕಲಿತದ್ದು ಒಬ್ಬ ಮೇಷ್ಟ್ರಿಂದ. ಕೆಲಸ ಶುರು ಮಾಡಿದ ಎರಡನೇ ವರ್ಷ. ಅವರು ಎರಡು ರಾತ್ರಿ ನಿದ್ದೆಗೆಟ್ಟು ಬಂದಿದ್ದರು. ಎಡಗಡೆ ಮೇಲಿನ ದವಡೆ ಹಲ್ಲು ತೋರಿಸಿದರು. ನೋಡಿದರೆ ಅದರಲ್ಲಿ ಹುಳುಕೂ ಇತ್ತು. ಹೊರಗೆ ಆರೇಳು ಜನ ಕಾಯುತ್ತಿದ್ದರು. ನಾನು ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಆ ಹಲ್ಲಿನ ನರ ತೆಗೆದು ಕಳಿಸಿದೆ. ಮಾರನೇ ದಿನ ಬೆಳಗ್ಗೆ ಅವರು ಮತ್ತೆ ಅದೇ ಮೆಟ್ಟಿಲ ಮೇಲೆ ಕೂತಿದ್ದರು. ಬೈಯಲಿಲ್ಲ. 'ಮೇಡಂ, ನೋವು ಹಾಗೇ ಇದೆ' ಎಂದರು, ಅಷ್ಟೇ. ಸಮಾಧಾನವಾಗಿ ಪರೀಕ್ಷೆ ಮಾಡಿದಾಗ ನೋವಿನ ಹಲ್ಲು ಕೆಳಗಿನದು ಎಂದು ಗೊತ್ತಾಯಿತು. ಅದಕ್ಕೆ ಎಷ್ಟೋ ವರ್ಷದ ಹಿಂದೆ ಬೆಳ್ಳಿ ಸಿಮೆಂಟ್ ತುಂಬಿಸಿದ್ದರು. ಮೇಲಿಂದ ನೋಡಿದರೆ ಗಟ್ಟಿಮುಟ್ಟಾಗಿತ್ತು. ಹುಳುಕು ಸಿಮೆಂಟಿನ ಅಡಿಯಲ್ಲಿ ಕೊರೆಯುತ್ತಾ ನರ ಮುಟ್ಟಿತ್ತು. ಮೇಲಿನ ಹಲ್ಲಿಗೆ ಬರೀ ಸಿಮೆಂಟ್ ಸಾಕಾಗುತ್ತಿತ್ತು. ಜೀವಂತ ನರವೊಂದನ್ನು ನಾನು ಅವಸರದಲ್ಲಿ ತೆಗೆದುಬಿಟ್ಟಿದ್ದೆ. ಇಷ್ಟು ವರ್ಷವಾದರೂ ಅವರ ಮುಖ ನನ್ನ ಕಣ್ಣ ಮುಂದಿದೆ.

ಮೇಲಿನ ಹಲ್ಲು, ಕೆಳಗಿನ ಹಲ್ಲು, ದವಡೆ, ಕೆನ್ನೆ, ಕಿವಿಯ ಹತ್ತಿರದ ಜಾಗ, ಇವೆಲ್ಲಕ್ಕೂ ಒಂದೇ ದೊಡ್ಡ ನರದ ಕವಲುಗಳು ಹೋಗಿವೆ. ಕವಲುಗಳೆಲ್ಲ ಸೇರುವ ಕಡೆ ಸುದ್ದಿ ಕಲಸಿಹೋಗುತ್ತದೆ. ಅದಕ್ಕೇ ಕೆಳಗಿನ ದವಡೆ ಹಲ್ಲು ಹಾಳಾದರೆ ಕಿವಿ ನೋವು ಎಂದು ಅನ್ನಿಸುವುದು. ಒಂದು ವಾರ ಕಿವಿಗೆ ಬೆಳ್ಳುಳ್ಳಿ ಎಣ್ಣೆ ಬಿಟ್ಟುಕೊಂಡು ಆಮೇಲೆ ನನ್ನ ಹತ್ತಿರ ಬಂದವರು ಎಷ್ಟೋ ಜನ. ಒಂದು ಸಮಾಧಾನ ಏನೆಂದರೆ, ಈ ನೋವು ಸಾಮಾನ್ಯವಾಗಿ ಮುಖದ ನಡುಗೆರೆ ದಾಟುವುದಿಲ್ಲ. ಎಡಗಡೆ ನೋವಿದ್ದರೆ ಕಳ್ಳ ಎಡಗಡೆಯೇ ಇರುತ್ತಾನೆ.

ಈಗ ನಾನು ಹೇಗೆ ಹುಡುಕುತ್ತೇನೆ ಎಂದು ಹೇಳುತ್ತೇನೆ. ನಿಮ್ಮ ಡಾಕ್ಟರು ಇದನ್ನೆಲ್ಲ ಮಾಡುತ್ತಿದ್ದರೆ ಹೊತ್ತು ಹಾಳು ಮಾಡುತ್ತಿದ್ದಾರೆ ಎಂದುಕೊಳ್ಳಬೇಡಿ. ನನ್ನ ಫ್ರಿಜ್ಜಿನಲ್ಲಿ ಸೂಜಿಯ ಪ್ಲಾಸ್ಟಿಕ್ ಮುಚ್ಚಳಗಳಲ್ಲಿ ನೀರು ತುಂಬಿ ಐಸ್ ಕಡ್ಡಿ ಮಾಡಿಟ್ಟಿರುತ್ತೇನೆ. ಮೊದಲು ಚೆನ್ನಾಗಿರುವ ಹಲ್ಲಿಗೆ ಮುಟ್ಟಿಸುತ್ತೇನೆ, ಸರಿಯಾದ ಹಲ್ಲಿಗೆ ಹೇಗೆ ಅನ್ನಿಸುತ್ತದೆ ಎಂದು ನಿಮಗೂ ಗೊತ್ತಾಗಬೇಕು. ಆಮೇಲೆ ಅನುಮಾನ ಇರುವವನ್ನು ಒಂದೊಂದಾಗಿ ಮುಟ್ಟಿಸುತ್ತಾ ಮನಸ್ಸಿನಲ್ಲೇ ಎಣಿಸುತ್ತೇನೆ. ಒಂದು, ಎರಡು, ಮೂರು. ಐಸ್ ತೆಗೆದ ಮೇಲೂ ಯಾವ ಹಲ್ಲಿನ ನೋವು ಎಳೆಯುತ್ತಾ ಹೋಗುತ್ತದೆ? ಯಾವ ಹಲ್ಲಿಗೆ ಏನೂ ಗೊತ್ತೇ ಆಗುವುದಿಲ್ಲ? ಆಮೇಲೆ ಬಾಯಿಕನ್ನಡಿಯ ಹಿಡಿಕೆಯಿಂದ ಮೆಲ್ಲಗೆ ತಟ್ಟಿ ನೋಡುತ್ತೇನೆ. ವಸಡಿನ ಸುತ್ತ ಆಳ ಅಳೆಯುತ್ತೇನೆ, ಯಾಕೆಂದರೆ ಕೆಲವು ಸಲ ಕೀವು ಹಲ್ಲಿನದಲ್ಲ, ವಸಡಿನದು. ಕೊನೆಗೂ ಎರಡು ಹಲ್ಲಿನ ನಡುವೆ ಅನುಮಾನ ಉಳಿದರೆ ಮೇಲಿನದನ್ನು ಮಾತ್ರ ಮರಗಟ್ಟಿಸಿ ಕಾಯುತ್ತೇನೆ. ನೋವು ಹೋಯಿತೇ? ಹಾಗಾದರೆ ಮೇಲಿನದು. ಹೋಗಲಿಲ್ಲವೇ? ಕೆಳಗಿನದು. ಮೇಷ್ಟ್ರ ಹಲ್ಲಿಗೆ ಇದನ್ನು ಮಾಡಲು ಬೇಕಿದ್ದದ್ದು ಹತ್ತು ನಿಮಿಷ.

ಎಕ್ಸ್‌ರೇ ತೆಗೆದರೆ ಎಲ್ಲ ಗೊತ್ತಾಗುತ್ತದೆ ಎಂಬ ನಂಬಿಕೆ ಜನರಲ್ಲಿ ಬಲವಾಗಿದೆ. ಎಕ್ಸ್‌ರೇ ಬೇಕೇ ಬೇಕು. 1895ರ ಕೊನೆಗೆ ರಾಂಟ್‌ಗನ್ ಅದನ್ನು ಕಂಡುಹಿಡಿದ ಸುದ್ದಿ ಹರಡಿದ ಕೂಡಲೇ, 1896ರ ಜನವರಿಯಲ್ಲಿ ಜರ್ಮನಿಯ ದಂತವೈದ್ಯ ಆಟೋ ವಾಲ್ಕ್‌ಹಾಫ್ ತನ್ನ ಹಲ್ಲಿನದೇ ಎಕ್ಸ್‌ರೇ ತೆಗೆದ. ಅದಕ್ಕಾಗಿ 25 ನಿಮಿಷ ಅಲ್ಲಾಡದೆ ಮಲಗಬೇಕಾಯಿತು. ಈಗ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಆದರೆ ನರ ಬಾತುಕೊಂಡಿರುವುದು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಬೇರಿನ ತುದಿಯ ಮೂಳೆ ಸಾಕಷ್ಟು ಕರಗಿದ ಮೇಲಷ್ಟೇ ಕಪ್ಪು ಕಾಣುತ್ತದೆ. ಹಲ್ಲಿನ ಸೀಳಂತೂ ಬಹಳ ಸಲ ಕಾಣುವುದೇ ಇಲ್ಲ.

ಸೀಳಿನ ವಿಷಯ ಬಂತು, ನಮ್ಮ ಸೀಮೆಗೆ ಇದನ್ನು ಬಿಡಿಸಿ ಹೇಳಲೇಬೇಕು. ಇಲ್ಲಿ ಕವಳ ಹಾಕುವವರು ಜಾಸ್ತಿ. ಇಪ್ಪತ್ತು ಮೂವತ್ತು ವರ್ಷ ದಿನಕ್ಕೆ ಹತ್ತು ಸಲ ಅಡಿಕೆ ಅಗಿದ ಹಲ್ಲು ಮೇಲಿಂದ ಸವೆದು ಚಪ್ಪಟೆಯಾಗುತ್ತದೆ, ಒಳಗೆ ಕೂದಲೆಳೆಯಂಥ ಸೀಳು ಬೀಳುತ್ತದೆ. ಇವರ ದೂರು ಒಂದೇ ಥರ. 'ಎಲ್ಲ ಸರಿಯಾಗಿದೆ, ಏನೋ ಗಟ್ಟಿ ಕಚ್ಚಿದಾಗ ಒಂದೊಂದು ಸಲ ಕರೆಂಟ್ ಹೊಡೆದ ಹಾಗೆ ಆಗುತ್ತದೆ.' ಕಚ್ಚಿದಾಗ ನೋವೋ, ಕಚ್ಚಿ ಬಿಟ್ಟಾಗ ನೋವೋ ಎಂದು ನಾನು ಕೇಳುತ್ತೇನೆ. ಯೋಚನೆ ಮಾಡಿ, ಬಿಟ್ಟಾಗ ಎನ್ನುತ್ತಾರೆ. ಕಚ್ಚಿದಾಗ ಸೀಳು ಬಾಯಿ ಬಿಡುತ್ತದೆ, ಬಿಟ್ಟಾಗ ಫಟ್ಟನೆ ಮುಚ್ಚಿಕೊಳ್ಳುತ್ತದೆ, ನೋವಾಗುವುದು ಆಗ. ಒಂದು ಸಣ್ಣ ಕಡ್ಡಿಯನ್ನು ಹಲ್ಲಿನ ಒಂದೊಂದೇ ಮೂಲೆಯ ಮೇಲಿಟ್ಟು ಕಚ್ಚಿಸಿ ಬಿಡಿಸಿದರೆ ಯಾವ ಮೂಲೆ ಎಂದು ಸಿಗುತ್ತದೆ. ಬೇಗ ಸಿಕ್ಕರೆ ಕ್ಯಾಪ್ ಹಾಕಿ ಹಲ್ಲು ಹಿಡಿದಿಡಬಹುದು. ಸೀಳು ಬೇರಿಗೆ ಇಳಿದರೆ ಕೀಳದೆ ಬೇರೆ ದಾರಿ ಇಲ್ಲ.

ಹದಿನೆಂಟರಿಂದ ಇಪ್ಪತ್ತೈದರ ಹುಡುಗ ಹುಡುಗಿಯರಿಗೆ ಬಾಯಿ ತೆರೆಯಲಾಗದೆ, ತೀರಾ ಹಿಂದೆ ನೋವೆಂದರೆ ಮೊದಲು ನೋಡಬೇಕಾದದ್ದು ಬುದ್ಧಿ ಹಲ್ಲು. ಅರ್ಧ ಹೊರಬಂದ ಹಲ್ಲಿನ ಮೇಲಿನ ವಸಡಿನ ಅಡಿ ಅನ್ನ ಸಿಕ್ಕಿಕೊಂಡು ಕೊಳೆತಿರುತ್ತದೆ. ಹಲ್ಲು ಕೀಳಿಸಿದ ಮೂರನೇ ನಾಲ್ಕನೇ ದಿನಕ್ಕೆ ನೋವು ಇಳಿಯುವ ಬದಲು ಏರಿದರೆ ಆ ಗುಳಿಯ ಹೆಪ್ಪು ರಕ್ತ ಕಿತ್ತುಹೋಗಿದೆ ಎಂದು ಅರ್ಥ, ವಾಪಸ್ ಬನ್ನಿ. ಬೀಡಿ ಸಿಗರೇಟು ಸೇದುವವರಿಗೆ ಇದು ಜಾಸ್ತಿ.

ಈಗ ಹಲ್ಲಿನದೇ ಅಲ್ಲದ ಹಲ್ಲು ನೋವುಗಳು. ಇದನ್ನು ದಯವಿಟ್ಟು ಗಮನವಿಟ್ಟು ಕೇಳಿ.

ನೆಗಡಿಯಾಗಿ ಒಂದು ವಾರ ಕಳೆದಿದೆ, ಮೇಲಿನ ದವಡೆಯ ಮೂರು ನಾಲ್ಕು ಹಲ್ಲು ಒಟ್ಟಿಗೇ ನೋಯುತ್ತಿವೆ, ಬಗ್ಗಿ ಕಸ ಗುಡಿಸುವಾಗ ಮುಖ ಭಾರ ಎನ್ನಿಸುತ್ತದೆ. ಇದು ಕೆನ್ನೆಯ ಮೂಳೆಯೊಳಗಿನ ಸೈನಸ್ಸಿನದು. ಮೇಲಿನ ಹಲ್ಲಿನ ಬೇರುಗಳು ಅದರ ನೆಲಕ್ಕೆ ತಾಗಿಕೊಂಡೇ ಇರುತ್ತವೆ.

ಒಬ್ಬ ಅಮ್ಮ, ಅರವತ್ತರ ಆಸುಪಾಸು. ಬಲಗಡೆ ಕೆಳಗೆ ಮೂರು ಹಲ್ಲು ಇರಲಿಲ್ಲ. ನೋವೆಂದು ಬೇರೆ ಬೇರೆ ಕಡೆ ಒಂದೊಂದಾಗಿ ಕೀಳಿಸಿಕೊಂಡಿದ್ದರು. ಕಿತ್ತ ಮೇಲೂ ನೋವು ಹೋಗಿರಲಿಲ್ಲ. 'ನಾಲ್ಕನೇದೂ ಕಿತ್ತುಬಿಡಿ ಡಾಕ್ಟ್ರಮ್ಮಾ' ಎಂದು ಕೈ ಮುಗಿದರು. ಹೇಗೆ ನೋಯುತ್ತದೆ ಎಂದು ಕೇಳಿದೆ. ಹೇಳುವುದಕ್ಕೆ ಬಾಯಿ ತೆರೆದವರು ಅರ್ಧಕ್ಕೆ ನಿಲ್ಲಿಸಿ, ಕೈಯನ್ನು ಕೆನ್ನೆಯ ಹತ್ತಿರ ತಂದು, ಮುಟ್ಟದೆ ಅಲ್ಲೇ ತಡೆದು ಹಿಡಿದರು. ಹತ್ತು ಸೆಕೆಂಡಾದ ಮೇಲೆ ಉಸಿರು ಬಿಟ್ಟರು. ಹಲ್ಲು ನೋವಿನವರು ಕೆನ್ನೆ ಒತ್ತಿ ಹಿಡಿದುಕೊಳ್ಳುತ್ತಾರೆ. ಇವರಿಗೆ ಮುಟ್ಟಲು ಹೆದರಿಕೆ. ಮುಖ ತೊಳೆದರೆ, ಗಾಳಿ ಬೀಸಿದರೆ, ಸೆರಗು ತಾಗಿದರೆ ಸಿಡಿಲು ಹೊಡೆದ ಹಾಗೆ ಬಂದು ಹೋಗುತ್ತದೆ. ಹಲ್ಲುಗಳಿಗೆ ಹೋಗುವ ಆ ದೊಡ್ಡ ನರದ್ದೇ ಕಾಯಿಲೆ ಇದು, ಟ್ರೈಜೆಮಿನಲ್ ನ್ಯೂರಾಲ್ಜಿಯಾ ಎಂದು ಹೆಸರು. ಇದಕ್ಕೆ 1960ರ ದಶಕದಿಂದ ಕಾರ್ಬಮಜೆಪೈನ್ ಎಂಬ ಮಾತ್ರೆ ಬಳಕೆಯಲ್ಲಿದೆ. ನರರೋಗದ ಡಾಕ್ಟರೇ ಪ್ರಮಾಣ ನೋಡಿ ಕೊಡಬೇಕು, ನಡುನಡುವೆ ರಕ್ತ ಪರೀಕ್ಷೆ ಮಾಡಿಸಬೇಕು. ನಾನು ಅವರನ್ನು ಮಣಿಪಾಲಕ್ಕೆ ಕಳಿಸಿದೆ. ಮೂರು ಒಳ್ಳೆಯ ಹಲ್ಲು ಸುಮ್ನೆ ಹೋಗಿದ್ದವು. ನಾಲ್ಕನೆಯದು ಉಳಿಯಿತು.

ಇನ್ನೊಂದು. ಗುಡ್ಡ ಹತ್ತುವಾಗ, ಹೊರೆ ಹೊತ್ತಾಗ, ಬಸ್ಸಿಗೆ ಓಡಿದಾಗ ಕೆಳದವಡೆಯಲ್ಲಿ ಹಿಂಡಿದ ಹಾಗೆ ನೋವು ಬಂದು, ನಿಂತು ಸುಧಾರಿಸಿಕೊಂಡರೆ ಹೋಗುತ್ತದೆಯೇ? ಹಲ್ಲಿನ ಡಾಕ್ಟರ ಹತ್ತಿರ ಬರಬೇಡಿ. ಅವತ್ತೇ ಹೋಗಿ ಇಸಿಜಿ ಮಾಡಿಸಿ. ಹೃದಯದ ನೋವು ದವಡೆಗೆ ಬರುತ್ತದೆ, ಎದೆ ನೋಯದೆ ಬರೀ ದವಡೆ ನೋಯುವುದೂ ಉಂಟು. ಅದರ ಜೊತೆ ಬೆವರು, ಉಬ್ಬಸ, ವಾಕರಿಕೆ ಇದ್ದರೆ ಕೂಡಲೇ 108ಕ್ಕೆ ಫೋನ್ ಮಾಡಿ.

ಸರಿ, ಈಗ ರಾತ್ರಿ ಹನ್ನೊಂದು ಗಂಟೆ. ಹೊರಗೆ ಮಳೆ. ಪೇಟೆ ಇಪ್ಪತ್ತು ಕಿಲೋಮೀಟರ್. ಹಲ್ಲು ಸಿಡಿಯುತ್ತಿದೆ. ಏನು ಮಾಡುವುದು?

ಮೊದಲು ಉಗುರುಬೆಚ್ಚಗಿನ ಉಪ್ಪು ನೀರಿನಲ್ಲಿ ಬಾಯಿ ಮುಕ್ಕಳಿಸಿ. ಹಲ್ಲಿನ ಸಂದಿಯಲ್ಲಿ ಸಿಕ್ಕಿದ್ದನ್ನು ಮೆಲ್ಲಗೆ ತೆಗೆಯಿರಿ. ಬರೀ ಸಂದಿಯಲ್ಲಿ ಸಿಕ್ಕಿದ ಮಾಂಸದ ಎಳೆಯೋ ಅಡಿಕೆ ಚೂರೋ ರಾತ್ರಿಯಿಡೀ ಕಾಡುವುದುಂಟು. ಬಿಸಿ ನೀರು ತಾಗಿಸಿಕೊಳ್ಳಲು ಆಗದವರು ಬೆಚ್ಚಗಿನದನ್ನು ಬಿಟ್ಟು ತಣ್ಣೀರೇ ಬಳಸಿ. ಎರಡು ದಿಂಬು ಹಾಕಿ ತಲೆ ಎತ್ತರಿಸಿ ಮಲಗಿ. ಮಾತ್ರೆಗಳಲ್ಲಿ, ದೊಡ್ಡವರಿಗೆ, ಬೇರೆ ತೊಂದರೆ ಇಲ್ಲದವರಿಗೆ, ಐಬುಪ್ರೊಫೇನ್ 400 ಮಿಲಿಗ್ರಾಂ ಮತ್ತು ಪ್ಯಾರಾಸಿಟಮಾಲ್ 500 ಮಿಲಿಗ್ರಾಂ ಒಟ್ಟಿಗೆ, ಊಟವಾದ ಮೇಲೆ. ಇವೆರಡೂ ಸೇರಿದರೆ ಒಂದೊಂದೇ ತಗೊಂಡದ್ದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತವೆ. ಮತ್ತೆ ಬೇಕಾದರೆ ಎಂಟು ಗಂಟೆ ಬಿಟ್ಟು. ದಿನಕ್ಕೆ ಮೂರು ಸಲಕ್ಕಿಂತ ಜಾಸ್ತಿ ಬೇಡ. ಅಂಗಡಿಯಲ್ಲಿ ಎರಡೂ ಸೇರಿಸಿದ ಮಾತ್ರೆಯೂ ಸಿಗುತ್ತದೆ. ಅದನ್ನು ನುಂಗಿ, ಜ್ವರದ ಮಾತ್ರೆ ಬೇರೆ ಎಂದುಕೊಂಡು ಮೇಲಿಂದ ಪ್ಯಾರಾಸಿಟಮಾಲ್ ನುಂಗಬೇಡಿ. ಪ್ರಮಾಣ ಮೀರಿದರೆ ಲಿವರಿಗೆ ಕೆಟ್ಟದ್ದು.

ಐಬುಪ್ರೊಫೇನ್ ಯಾರಿಗೆ ಬೇಡ ಎನ್ನುವುದನ್ನೂ ಕೇಳಿಕೊಳ್ಳಿ. ಬಸುರಿಯರಿಗೆ ಬೇಡ. ಕಿಡ್ನಿ ತೊಂದರೆ, ಹೊಟ್ಟೆಯ ಹುಣ್ಣು, ಹೃದಯದ ಕಾಯಿಲೆ, ರಕ್ತ ತೆಳುವಾಗುವ ಮಾತ್ರೆ ಇರುವವರಿಗೆ ಬೇಡ. ಅಸ್ತಮಾ ಇರುವ ಕೆಲವರಿಗೆ ಅದು ಉಬ್ಬಸ ಎಬ್ಬಿಸುತ್ತದೆ. ಹಲ್ಲು ನೋವಿನ ಜೊತೆಗೆ ಮೈಯೆಲ್ಲ ಸುಡುವ ಜ್ವರ ಇದ್ದರೆ ಬೇಡವೇ ಬೇಡ. ನಮ್ಮ ಕಡೆ ಡೆಂಗಿಯೂ ಇದೆ, ಮಂಗನ ಕಾಯಿಲೆಯೂ ಇದೆ. ಎರಡರಲ್ಲೂ ರಕ್ತಸ್ರಾವದ ಭಯ, ಆ ಮಾತ್ರೆ ಅದನ್ನು ಹೆಚ್ಚು ಮಾಡುತ್ತದೆ. ಇವರೆಲ್ಲ ಬರೀ ಪ್ಯಾರಾಸಿಟಮಾಲ್ ತಗೊಂಡು ಬೆಳಗ್ಗೆ ಬನ್ನಿ. ಮಕ್ಕಳಿಗೆ ತೂಕ ನೋಡಿ ಕೊಡಬೇಕು, ದೊಡ್ಡವರ ಮಾತ್ರೆ ಮುರಿದು ಕೊಡುವುದಲ್ಲ.

ಲವಂಗದ ಬಗ್ಗೆ ನೀವು ಕೇಳೇ ಕೇಳುತ್ತೀರಿ ಎಂದು ಗೊತ್ತು. ಲವಂಗ ಒಳ್ಳೆಯದೇ. ಅದರಲ್ಲಿರುವ ಯೂಜೆನಾಲ್ ನರವನ್ನು ಸ್ವಲ್ಪ ಮರಗಟ್ಟಿಸುತ್ತದೆ. ನಾವು ತಾತ್ಕಾಲಿಕವಾಗಿ ತುಂಬುವ ಒಂದು ಸಿಮೆಂಟಿನಲ್ಲೂ ಅದೇ ಇದೆ, ನಮ್ಮ ಕ್ಲಿನಿಕ್ಕುಗಳ ಆ ವಾಸನೆ ಅದರದ್ದೇ. ಒಂದು ಲವಂಗ ಜಜ್ಜಿ ಹಲ್ಲಿನ ಮೇಲಿಡಿ. ಎಣ್ಣೆಯಾದರೆ ಹತ್ತಿಯ ತುದಿಗೆ ಒಂದೇ ಹನಿ, ಅದೂ ಹುಳುಕಿನ ಒಳಗೆ ಮಾತ್ರ. ವಸಡಿಗೆ ಸುರಿದುಕೊಂಡರೆ ಸುಟ್ಟು ಬಿಳಿಚಿಕೊಳ್ಳುತ್ತದೆ. ನೋವಿನ ಮಾತ್ರೆಯನ್ನು ಹಲ್ಲಿನ ಪಕ್ಕ ಇಟ್ಟುಕೊಂಡವರ ವಸಡೂ ಹೀಗೇ ಸುಡುತ್ತದೆ. ಮಾತ್ರೆ ನುಂಗುವುದಕ್ಕೆ ಇರುವುದು.

ಎಕ್ಕದ ಹಾಲು ಮಾತ್ರ ಬೇಡ. ಅಜ್ಜಿ ಹೇಳಿದ್ದು ಎಂದು ಹಾಕಿಕೊಂಡು ನಾಲಿಗೆ, ತುಟಿ ಎಲ್ಲ ಸುಟ್ಟುಕೊಂಡು ಬಂದವರನ್ನು ನೋಡಿದ್ದೇನೆ. ಅದೇ ಕೈ ಕಣ್ಣಿಗೆ ತಾಗಿದರೆ ಕಣ್ಣಿಗೇ ಅಪಾಯ. ಹೊಗೆಸೊಪ್ಪು, ಸೀಮೆಎಣ್ಣೆ, ಬ್ರಾಂದಿ ಇವೂ ಬೇಡ.

ಹುಳ ತೆಗೆಸುವುದನ್ನೂ ಹೇಳಿಬಿಡುತ್ತೇನೆ. ಗುಳ್ಳದ ಜಾತಿಯ ಗಿಡದ ಬೀಜ ಕೆಂಡಕ್ಕೆ ಹಾಕಿ, ಹೊಗೆ ಬಾಯಿಗೆ ಹಿಡಿಸಿ, ಕೆಳಗೆ ನೀರಿನ ಬಟ್ಟಲು ಇಟ್ಟು, ನೋಡಿ ಹುಳ ಬಿತ್ತು ಎಂದು ಬಿಳಿ ಎಳೆಗಳನ್ನು ತೋರಿಸುತ್ತಾರೆ. ಆ ಎಳೆಗಳು ಹಲ್ಲಿನಿಂದ ಬಂದದ್ದಲ್ಲ. ಕಾವಿಗೆ ಬೀಜ ಸಿಡಿದು ಹೊರಬಿದ್ದ ಬೀಜದೊಳಗಿನ ಎಳೆ ಮೊಳಕೆ. ನಮ್ಮ ಭಾಷೆಯಲ್ಲೇ 'ಹುಳುಕು' ಎಂಬ ಮಾತಿದೆ, ಹಲ್ಲಿಗೆ ಹುಳ ಹಿಡಿದಿದೆ ಎನ್ನುತ್ತೇವೆ. ಈ ನಂಬಿಕೆ ನಮ್ಮದು ಮಾತ್ರ ಅಲ್ಲ, ಬ್ಯಾಬಿಲೋನಿಯದ ಮಣ್ಣಿನ ಫಲಕಗಳಲ್ಲೂ ಹಲ್ಲಿನ ಹುಳದ ಮಂತ್ರ ಇದೆ. 1890ರಲ್ಲಿ ಬರ್ಲಿನ್ನಿನಲ್ಲಿ ಕೆಲಸ ಮಾಡುತ್ತಿದ್ದ ಅಮೆರಿಕದ ವಿಲ್ಲೋಬಿ ಮಿಲ್ಲರ್ ವಿಷಯ ಬಿಡಿಸಿ ಹೇಳಿದ. ಕಿತ್ತ ಹಲ್ಲನ್ನು ಎಂಜಲು ಮತ್ತು ಬ್ರೆಡ್ಡಿನ ಜೊತೆ ಇಟ್ಟರೆ ಹಲ್ಲು ಕರಗಿತು, ಮಾಂಸದ ಜೊತೆ ಇಟ್ಟರೆ ಕರಗಲಿಲ್ಲ. ಸಕ್ಕರೆ, ಹಿಟ್ಟು ತಿಂದ ಬ್ಯಾಕ್ಟೀರಿಯಾ ಬಿಡುವ ಹುಳಿಯೇ ಹಲ್ಲನ್ನು ಕರಗಿಸುವುದು. ಹೊಗೆಗೆ ಒಂದು ರಾತ್ರಿ ನೋವು ಕಮ್ಮಿಯಾಗಬಹುದು, ಹುಳುಕು ಅಲ್ಲೇ ಇರುತ್ತದೆ.

ಇನ್ನು ಆಂಟಿಬಯೋಟಿಕ್. ಮೆಡಿಕಲ್ ಶಾಪಿಗೆ ಹೋಗಿ 'ಹಲ್ಲು ನೋವಿಗೆ ಮಾತ್ರೆ ಕೊಡಿ' ಎಂದರೆ ಸಣ್ಣ ಕವರಿನಲ್ಲಿ ಎರಡು ಬಗೆ ಹಾಕಿ ಕೊಡುತ್ತಾರೆ, ಒಂದು ನೋವಿನದು, ಇನ್ನೊಂದು ಆಂಟಿಬಯೋಟಿಕ್. ಎರಡು ದಿನ ತಿಂದು ನಿಲ್ಲಿಸುತ್ತೀರಿ. ಬಾತುಕೊಂಡ ನರದ ನೋವಿಗೆ ಆಂಟಿಬಯೋಟಿಕ್ಕಿನಿಂದ ಏನೂ ಉಪಯೋಗ ಇಲ್ಲ. ಸತ್ತ ನರದೊಳಗೆ ಅದು ಹೋಗುವುದೂ ಇಲ್ಲ, ರಕ್ತ ಹರಿಯದ ಕಡೆ ಔಷಧಿ ತಲುಪುವುದು ಹೇಗೆ? ಅಮೆರಿಕದ ದಂತವೈದ್ಯರ ಸಂಘ 2019ರಲ್ಲಿ ಇದನ್ನೇ ಹೇಳಿತು. ಹಲ್ಲಿಗೆ ಚಿಕಿತ್ಸೆ ಮಾಡಲು ಸಾಧ್ಯವಿರುವಾಗ, ಜ್ವರವಿಲ್ಲದ, ಊತ ಹರಡದ ಹಲ್ಲು ನೋವಿಗೆ ಆಂಟಿಬಯೋಟಿಕ್ ಬೇಡ ಎಂದು. ಬೇಕಾಗುವುದು ಊತ ಹರಡಿದಾಗ, ಜ್ವರ ಬಂದಾಗ. ಆಗಲೂ ಕೀವು ಹೊರಗೆ ಹೋಗಲು ದಾರಿ ಮಾಡಿಕೊಡದೆ ಬರೀ ಮಾತ್ರೆ ಸಾಲುವುದಿಲ್ಲ.

ಊತದ ಬಗ್ಗೆ ನಾನು ಗಟ್ಟಿಯಾಗಿ ಹೇಳುತ್ತೇನೆ. ಗದ್ದದ ಕೆಳಗೆ ಎರಡೂ ಕಡೆ ಊದಿ ಗಟ್ಟಿಯಾಗಿದೆ, ನಾಲಿಗೆ ಮೇಲಕ್ಕೆ ತಳ್ಳಿದ ಹಾಗಿದೆ, ಎಂಜಲು ನುಂಗಲು ಆಗುತ್ತಿಲ್ಲ, ಮಾತು ಬದಲಾಗಿದೆ, ಉಸಿರಾಟ ಕಷ್ಟ. ಇದರಲ್ಲಿ ಯಾವುದೇ ಒಂದು ಇದ್ದರೂ ಬೆಳಗಾಗಲಿ ಎಂದು ಕಾಯಬೇಡಿ. ಕ್ಲಿನಿಕ್ಕಿಗೂ ಬರಬೇಡಿ. 108 ಕರೆಸಿ ದೊಡ್ಡ ಆಸ್ಪತ್ರೆಗೆ ಹೋಗಿ. ಕೀವು ಕುತ್ತಿಗೆಗೆ ಇಳಿದು ಉಸಿರಿನ ದಾರಿ ಮುಚ್ಚುತ್ತಿರುತ್ತದೆ. ಮೇಲಿನ ಕೋರೆ ಹಲ್ಲಿನಿಂದ ಊತ ಕಣ್ಣಿನ ಕಡೆ ಹೋಗಿ ರೆಪ್ಪೆ ಮುಚ್ಚಿಕೊಂಡರೂ ಹಾಗೇ. ಸಕ್ಕರೆ ಕಾಯಿಲೆ ಇರುವವರಿಗೆ ಇದು ಗಂಟೆಗಳಲ್ಲಿ ಏರುತ್ತದೆ. ಊದಿದ ಕೆನ್ನೆಗೆ ಬಿಸಿ ಶಾಖ ಕೊಡಬೇಡಿ. ಒಂದು ಹಲ್ಲಿನಿಂದ ಜನ ಸಾಯುತ್ತಾರೆಯೇ ಎಂದು ನೀವು ಕೇಳಬಹುದು. ಸಾಯುತ್ತಾರೆ.

ಕೊನೆಗೆ ಕೀಳುವುದೋ ಉಳಿಸುವುದೋ ಎಂಬ ಮಾತು. ರೂಟ್ ಕೆನಾಲ್ ಎಂದರೆ ಹಾಳಾದ ತಿರುಳು ತೆಗೆದು, ಬೇರಿನೊಳಗಿನ ದಾರಿ ತೊಳೆದು, ಗಟ್ಟಾಪರ್ಚಾ ಎಂಬ ಮರದ ಅಂಟಿನಿಂದ ಮುಚ್ಚುವುದು. ಹಲ್ಲು ಅಲ್ಲೇ ಉಳಿಯುತ್ತದೆ. ಜನಕ್ಕೆ ಅದರ ಹೆಸರೆತ್ತಿದರೆ ಭಯ, ಯಾಕೆಂದರೆ ಇಂಜೆಕ್ಷನ್ ಹಿಡಿಯದ ಕಥೆ ಯಾರಿಂದಲೋ ಕೇಳಿರುತ್ತಾರೆ. ನಿಜ, ಬಾವು ಬಂದ ಜಾಗದಲ್ಲಿ ಹುಳಿ ಅಂಶ ಜಾಸ್ತಿ ಇರುವುದರಿಂದ ಮರಗಟ್ಟಿಸುವ ಔಷಧಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಬೇಗ ಬಂದಷ್ಟೂ ಅದು ಚೆನ್ನಾಗಿ ಹಿಡಿಯುತ್ತದೆ. ಖರ್ಚು ನಿಜವಾದ ಕಷ್ಟ, ಅದು ನನಗೆ ಗೊತ್ತಿದೆ. ಆಗದವರು ದಯವಿಟ್ಟು ಬಾಯಿಬಿಟ್ಟು ಹೇಳಿ. ನರ ತೆಗೆದು ನೋವು ನಿಲ್ಲಿಸುವ ಕೆಲಸ ಒಂದೇ ದಿನದ್ದು, ಉಳಿದದ್ದನ್ನು ಆಮೇಲೆ ಮಾಡಿಸಬಹುದು. ಮಣಿಪಾಲ, ಮಂಗಳೂರು, ದಾವಣಗೆರೆ, ಧಾರವಾಡದ ದಂತ ಕಾಲೇಜುಗಳಲ್ಲಿ, ಬೆಂಗಳೂರಿನ ಕೋಟೆಯ ಹತ್ತಿರದ ಸರ್ಕಾರಿ ದಂತ ಕಾಲೇಜಿನಲ್ಲಿ ಖರ್ಚು ಕಮ್ಮಿ. ಕಲಿಯುವವರು ಮಾಡುತ್ತಾರೆ, ಅವರ ಹಿಂದೆ ಕಲಿಸುವವರು ನಿಂತಿರುತ್ತಾರೆ. ಹೊತ್ತು ಜಾಸ್ತಿ ಹಿಡಿಯುತ್ತದೆ ಅಷ್ಟೇ.

ಬರುವಾಗ ನನಗೆ ಹೇಳಲು ಇಷ್ಟನ್ನು ನೆನಪಿಟ್ಟುಕೊಂಡು ಬನ್ನಿ. ನೋವು ಯಾವತ್ತು ಶುರುವಾಯಿತು, ಬಿಸಿಗೋ ತಂಪಿಗೋ, ಎಷ್ಟು ಹೊತ್ತು ನಿಲ್ಲುತ್ತದೆ, ರಾತ್ರಿ ಎಬ್ಬಿಸುತ್ತದೆಯೇ, ಕಚ್ಚಿದಾಗಲೋ ಬಿಟ್ಟಾಗಲೋ, ಯಾವ ಮಾತ್ರೆ ಯಾವಾಗ ತಗೊಂಡಿರಿ. ಮಾತ್ರೆಯ ಖಾಲಿ ಪಟ್ಟಿ ಇದ್ದರೆ ಅದನ್ನೂ ತನ್ನಿ.

ಪ್ರಶ್ನೆ ಇದ್ದರೆ ಕೇಳಿ ಎಂದು ನಾನು ನಿಲ್ಲಿಸಿದಾಗ ಮುಂದಿನ ಸಾಲಿನ ಒಬ್ಬರು ಅಕ್ಕ ಎದ್ದು ನಿಂತರು. ಸಂಕೋಚದಿಂದ ಸೆರಗು ಬಾಯಿಗೆ ಹಿಡಿದಿದ್ದರು. 'ದೀಪಾವಳಿ ಹೊತ್ತಿಗೆ ಎರಡು ವಾರ ಸಿಕ್ಕಾಪಟ್ಟೆ ನೋವಿತ್ತು ಡಾಕ್ಟ್ರಮ್ಮಾ. ಈಗ ಏನೂ ಇಲ್ಲ. ಐಸ್ ತಿಂದ್ರೂ ಗೊತ್ತಾಗಲ್ಲ. ನಾನೂ ಬರ್ಬೇಕಾ?'

ಯಾವ ಕಡೆ ಎಂದು ಕೇಳಿದೆ. ಬಲಗಡೆ ಕೆನ್ನೆ ಮುಟ್ಟಿ ತೋರಿಸಿದರು. ನಾಳೆ ಬೆಳಗ್ಗೆ ಮೊದಲು ನೀವೇ ಬನ್ನಿ ಎಂದೆ.